ನ್ಯೂಜೆರ್ಸಿಯ ಶಾಲೆಗೆ ಮಗನನ್ನು ಸೇರಿಸುವ ಮುನ್ನ

ಮಂಗಳೂರಿನ ಬಿಜೈಯಿಂದ ಬರೆದಿದ್ದೀರಿ: ನ್ಯೂಜೆರ್ಸಿಗೆ ಹೊರಟಿದ್ದೇವೆ, ಮಗನಿಗೆ ಆಟಿಸಂ ಇದೆ, ಅಲ್ಲಿನ ಶಾಲೆಗಳಲ್ಲಿ ಇಂಥ ಮಕ್ಕಳನ್ನು ಹಿಡಿದು ಕೋಣೆಯಲ್ಲಿ ಕೂಡಿಹಾಕುತ್ತಾರಂತೆ, ನಿಜವೇ? ಜೊತೆಗೆ ಬಾಡಿಗೆ, ಚಳಿ, ಕುಚ್ಚಲಕ್ಕಿಯ ವಿಚಾರ. ಬಾಡಿಗೆ ದುಬಾರಿ. ಜಾಕೆಟ್ ಇಲ್ಲಿಗೆ ಬಂದ ಮೇಲೆ ಕೊಳ್ಳಿ. ಕುಚ್ಚಲಕ್ಕಿ ಸಿಗುತ್ತದೆ, ಗಂಜಿಗೆ ಊರಿನ ಪರಿಮಳ ಬರುವುದಿಲ್ಲ, ಅಷ್ಟೆ.

ಕೋಣೆಯ ಮಾತು ನಿಜ. ನಾವು ಉಡುಪಿಯಿಂದ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಮಗನನ್ನೂ ಅಂಥ ಕೋಣೆಗೆ ಹಾಕಿದ್ದರು. ಬೆಂಕಿಯ ಅಣಕು ಕಾರ್ಯಾಚರಣೆಯ ಅಲಾರಂ ಕಿರುಚಿತು, ಅವನು ಕಿವಿ ಮುಚ್ಚಿಕೊಂಡು ಮೇಜಿನಡಿ ನುಗ್ಗಿದ, ಎಳೆಯಲು ಬಂದವರ ಕೈ ಕಚ್ಚಿದ. ಶಾಲೆಯ ಡೈರಿಯಲ್ಲಿ ‘ಸ್ವಲ್ಪ ತೊಂದರೆಯಾಯಿತು, ಈಗ ಶಾಂತ’ ಎಂದಷ್ಟೇ ಇತ್ತು. ಆ ಕೋಣೆಯನ್ನು ಹಟ ಹಿಡಿದು ನೋಡಿದೆ: ಗೋಡೆಗೆ ನೀಲಿ ಚಾಪೆ, ಬಾಗಿಲಿನ ಗಾಜು ಅವನ ತಲೆಗಿಂತ ಮೇಲೆ, ಒಳಬದಿಗೆ ಹಿಡಿಕೆಯೇ ಇಲ್ಲ.

ಟೀಚರ್ ಹೇಳಿದ ಮೇಲೆ ಎದುರು ಮಾತಿಲ್ಲ ಎಂಬ ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತೇ ಇದೆ. ಅದನ್ನು ಬಜ್ಪೆಯಲ್ಲೇ ಇಳಿಸಿ ವಿಮಾನ ಹತ್ತಿ. ಇಲ್ಲಿ ನಗುನಗುತ್ತಾ ಆಡಿದ ಮಾತು ಲೆಕ್ಕಕ್ಕಿಲ್ಲ, ಬರೆದದ್ದಕ್ಕೆ ಮಾತ್ರ ಬೆಲೆ.

ನಮ್ಮ ಕಾಲಕ್ಕಿಲ್ಲದ ಕಾಯ್ದೆಯೊಂದು 2018ರ ಜನವರಿಯಲ್ಲಿ ಈ ರಾಜ್ಯಕ್ಕೆ ಬಂದಿದೆ. ಅಂಗವೈಕಲ್ಯವಿರುವ ಮಗುವನ್ನು ತಕ್ಷಣದ ಅಪಾಯವಿದ್ದಾಗ ಮಾತ್ರ ಅಲುಗಾಡದಂತೆ ಹಿಡಿದಿಡಬಹುದು; ವೈದ್ಯರ ಲಿಖಿತ ಅನುಮತಿಯಿಲ್ಲದೆ ಬೋರಲು ಮಲಗಿಸಿ ಅದುಮುವಂತಿಲ್ಲ; ಪೋಷಕರಿಗೆ ಕೂಡಲೇ ತಿಳಿಸಬೇಕು, 48 ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು. ಆದರೆ ಕೂಡಿಹಾಕುವುದು ಇಲ್ಲಿ ಪೂರ್ತಿ ನಿಂತಿಲ್ಲ. ಮೇರಿಲ್ಯಾಂಡ್ ರಾಜ್ಯ ತನ್ನ ಸರ್ಕಾರಿ ಶಾಲೆಗಳಲ್ಲಿ 2022ರಲ್ಲಿ ಅದನ್ನು ನಿಷೇಧಿಸಿತು. ಇಡೀ ದೇಶಕ್ಕೊಂದು ಕಾಯ್ದೆ ತರುವ ಮಸೂದೆ 2010ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯನ್ನು ದಾಟಿ ಮೇಲ್ಮನೆಯಲ್ಲಿ ಬಿದ್ದಿತು. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರಲ್ಲೇ ನಿಷೇಧಿಸಿದೆ. ಅದಕ್ಕಾಗಿ ಎದೆಯುಬ್ಬಿಸಬೇಡಿ, ನಾಗರಬೆತ್ತದ ರುಚಿ ಕಂಡವರೇ ನಾವೆಲ್ಲ.

ಮಗನಿಗಾಗಿ ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಲು ಸಭೆ ಕರೆಯುತ್ತಾರೆ. ಬೇಕಾದರೆ ಕನ್ನಡ ದುಭಾಷಿಯನ್ನು ಕೇಳಿ, ಅದು ನಿಮ್ಮ ಹಕ್ಕು. ಮೇಜಿನ ಸುತ್ತ ಆರೇಳು ಜನ ಕಾಯುತ್ತಾ ಕುಳಿತರೂ ಅಂದೇ ಸಹಿ ಹಾಕಬೇಡಿ, ಕಾಗದವನ್ನು ಮನೆಗೆ ತನ್ನಿ. ಅವನು ಯಾವುದಕ್ಕೆ ಬೆದರುತ್ತಾನೆ, ಹೇಗೆ ಸಮಾಧಾನಗೊಳ್ಳುತ್ತಾನೆ ಎಂಬುದನ್ನು ಊರಿನ ಥೆರಪಿಸ್ಟ್ ಕೈಯಿಂದ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಮೊಹರಿನೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬೆಂಕಿಯ ಅಣಕು ಕಾರ್ಯಾಚರಣೆಯ ಆ ಅಲಾರಂ ಇಲ್ಲಿ ತಿಂಗಳು ತಿಂಗಳೂ ಬಡಿಯುತ್ತದೆ. ಅದಕ್ಕೆ ಮುನ್ನ ಅವನನ್ನು ಹೊರಗೆ ಕರೆದೊಯ್ಯಬೇಕೆಂದು ಯೋಜನೆಯಲ್ಲೇ ಬರೆಸಿ.