ಮಾತು ತಿಳಿಯುತ್ತದೆ, ಆಡಲು ಬರುವುದಿಲ್ಲ: ಮೆದುಳಿನಲ್ಲಿ ಏನಾಗಿದೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಯಿತು. ಸ್ಕ್ಯಾನ್ ನೋಡಿದ ವೈದ್ಯರು ಮೆದುಳಿನ ಎಡಭಾಗಕ್ಕೆ ಹಾನಿಯಾಗಿದೆ ಎಂದರು. ಆದರೆ ಸ್ವಾಧೀನ ತಪ್ಪಿರುವುದು ಬಲಗೈ. ಕಾಲು ಹೆಚ್ಚುಕಡಿಮೆ ಸರಿಯಾಗಿದೆ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಉತ್ತರ ಕೊಡಹೋದರೆ ಒಂದೆರಡು ಪದಗಳಿಗಿಂತ ಹೆಚ್ಚು ಹೊರಡುವುದಿಲ್ಲ. ಹಳೆಯ ಹಾಡೊಂದನ್ನು ಎತ್ತಿಕೊಟ್ಟರೆ ಮಾತ್ರ ಸಾಲುಗಟ್ಟಲೆ ಹಾಡುತ್ತಾರೆ. ಇದು ಹೇಗೆ? ಮೆದುಳಿನ ಯಾವ ಭಾಗಕ್ಕೆ ಯಾವ ಕೆಲಸ? ಜನರಲ್ಲಿ ಎಡಮೆದುಳಿನವರು, ಬಲಮೆದುಳಿನವರು ಎಂದು ಎರಡು ಬಗೆ ಇರುವುದು ನಿಜವೇ?

ಉತ್ತರ: ಮೊದಲು ಕೈಯ ವಿಷಯ. ಕೈಕಾಲುಗಳನ್ನು ಆಡಿಸುವ ಆಜ್ಞೆ ಮುಖ್ಯವಾಗಿ ಹೊರಡುವುದು ಹಣೆಯ ಹಿಂದಿರುವ ಮುಂಭಾಗದ ಹಾಲೆಯ (ಹಾಲೆ ಎಂದರೆ ಮೆದುಳಿನ ದೊಡ್ಡ ವಿಭಾಗ) ಹಿಂಬದಿಯ ಅಂಚಿನಿಂದ. ಅಲ್ಲಿಂದ ಇಳಿಯುವ ನರತಂತುಗಳಲ್ಲಿ ಬಹುಪಾಲು, ಮೆದುಳಿನ ಕಾಂಡವು ಬೆನ್ನುಹುರಿಯಾಗಿ ಮುಂದುವರಿಯುವ ಜಾಗದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತವೆ. ಆದ್ದರಿಂದಲೇ ಎಡ ಅರ್ಧಗೋಳದ ಹಾನಿ ಬಲಗೈಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ಅಂಚಿನ ಪಟ್ಟಿಯಲ್ಲಿ ದೇಹದ ಅಂಗಗಳಿಗೆ ಜಾಗ ಹಂಚಿಕೆಯಾಗಿರುವುದು ಗಾತ್ರ ನೋಡಿ ಅಲ್ಲ, ಕೆಲಸದ ನಾಜೂಕು ನೋಡಿ. ಬೆರಳುಗಳಿಗೂ ತುಟಿ ನಾಲಿಗೆಗಳಿಗೂ ಸಿಕ್ಕಿರುವಷ್ಟು ಜಾಗ ಇಡೀ ಮುಂಡಕ್ಕೆ ಸಿಕ್ಕಿಲ್ಲ.

ಕೈ, ಮುಖ ಮತ್ತು ಮಾತಿಗೆ ಸಂಬಂಧಿಸಿದ ಜಾಗಗಳು ಅರ್ಧಗೋಳದ ಹೊರಮೈಯಲ್ಲಿ ನೆರೆಹೊರೆಯಾಗಿದ್ದು, ಒಂದೇ ಧಮನಿಯ ಕವಲುಗಳಿಂದ ರಕ್ತ ಪಡೆಯುತ್ತವೆ. ಕಾಲಿನ ಜಾಗ ಇರುವುದು ಎರಡು ಅರ್ಧಗೋಳಗಳು ಮುಖಾಮುಖಿಯಾಗುವ ಒಳಮೈಯಲ್ಲಿ. ಅದಕ್ಕೆ ರಕ್ತ ಒದಗಿಸುವ ಧಮನಿಯೇ ಬೇರೆ. ನಿಮ್ಮ ತಂದೆಯವರ ಕೈ ಮತ್ತು ಮಾತು ಜೊತೆಯಲ್ಲಿ ಕೆಟ್ಟು ಕಾಲು ಉಳಿದುಕೊಂಡಿರುವುದಕ್ಕೆ ಬಹುಶಃ ಇದೇ ಕಾರಣ. ಪಾರ್ಶ್ವವಾಯು ಮೆದುಳನ್ನು ಕೆಡಿಸುವುದು ರಕ್ತನಾಳ ಸಾಗುವ ದಾರಿಯಲ್ಲಿ. ನಾವು ಪುಸ್ತಕದಲ್ಲಿ ಗೆರೆ ಎಳೆದು ತೋರಿಸುವ ಭಾಗಗಳ ಎಲ್ಲೆಯನ್ನು ಅದು ಲೆಕ್ಕಿಸುವುದಿಲ್ಲ.

ಇನ್ನು ಮಾತು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಏನು ಕೇಳಿದರೂ ‘ಟ್ಯಾನ್’ ಎಂಬ ಒಂದೇ ಉಚ್ಚಾರದಲ್ಲಿ ಉತ್ತರಿಸುತ್ತಿದ್ದ ಲೆಬೋರ್ನ್ಯ ಎಂಬ ರೋಗಿಯ ಮೆದುಳನ್ನು, ಆತ ತೀರಿಕೊಂಡ ಮೇಲೆ ಪರೀಕ್ಷಿಸಿ, ಎಡ ಮುಂಭಾಗದ ಹಾಲೆಯ ಕೆಳಗಿನ ಮಡಿಕೆಯಲ್ಲಿ ಹಾನಿಯನ್ನು ಗುರುತಿಸಿದರು. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇದಕ್ಕೆ ತದ್ವಿರುದ್ಧವಾದ ರೋಗಿಗಳನ್ನು ವಿವರಿಸಿದರು: ಅವರ ಮಾತು ಸಲೀಸಾಗಿ ಹರಿಯುತ್ತದೆ, ಆದರೆ ಅರ್ಥವಿರುವುದಿಲ್ಲ, ಎದುರಿನವರ ಮಾತೂ ತಿಳಿಯುವುದಿಲ್ಲ, ಅವರಲ್ಲಿ ಪೆಟ್ಟು ಬಿದ್ದಿರುವುದು ಕಿವಿಯ ಮೇಲಿನ ಕಣತಲೆಯ ಹಾಲೆಯ ಹಿಂಭಾಗಕ್ಕೆ. ನಿಮ್ಮ ತಂದೆಯವರದು ಮೊದಲನೆಯ ಬಗೆ ಎಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಆದರೂ ‘ಹೇಳಿದ್ದೆಲ್ಲ ತಿಳಿಯುತ್ತದೆ’ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ‘ಹುಲಿ ಜಿಂಕೆಯನ್ನು ಕೊಂದಿತು’ ಎಂದರೆ ಪದಗಳಷ್ಟೇ ಸಾಕು, ಯಾವುದು ಯಾವುದನ್ನು ಕೊಂದಿತೆಂದು ಊಹಿಸಬಹುದು. ‘ಸಿಂಹವನ್ನು ಹುಲಿ ಕೊಂದಿತು’ ಎಂದಾಗ ವಿಭಕ್ತಿಯನ್ನು ಹಿಡಿಯಲೇಬೇಕು, ಇಂಥವರು ಎಡವುವುದು ಅಲ್ಲಿಯೇ. ಬ್ರೋಕಾ ಗುರುತಿಸಿದ ಜಾಗವನ್ನು ಮಾತಿನ ಕಾರ್ಖಾನೆ ಎಂದುಕೊಳ್ಳುವುದೂ ತಪ್ಪು. ಸಂಗ್ರಹಾಲಯದಲ್ಲಿ ಉಳಿದಿದ್ದ ಲೆಬೋರ್ನ್ಯನ ಮೆದುಳನ್ನು ನಮ್ಮ ಕಾಲದಲ್ಲಿ ಸ್ಕ್ಯಾನ್ ಮಾಡಿದಾಗ, ಹಾನಿ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ, ದೂರದ ಭಾಗಗಳನ್ನು ಬೆಸೆಯುವ ತಂತುಗಳವರೆಗೂ ಹಬ್ಬಿತ್ತು.

ಮಾತು ಒಂದೇ ಜಾಗದ ಕೆಲಸವಲ್ಲ, ಹಾಡು ಉಳಿದಿರುವುದೂ ಅದಕ್ಕೇ. ಹೊಸ ವಾಕ್ಯವನ್ನು ಕಟ್ಟುವ ಕೆಲಸ ಬಹುತೇಕ ಜನರಲ್ಲಿ ಎಡ ಅರ್ಧಗೋಳದ್ದು. ರಾಗ, ಏರಿಳಿತ, ಬಾಯಿಪಾಠವಾಗಿ ಒಂದೇ ಸರಪಳಿಯಂತಾದ ಪದಗಳು, ಒಂದರಿಂದ ಹತ್ತರವರೆಗಿನ ಎಣಿಕೆ, ಕೋಪದಲ್ಲಿ ಹೊರಡುವ ಬೈಗುಳ ಇವುಗಳಿಗೆ ಬಲ ಅರ್ಧಗೋಳವೂ ಹೆಗಲು ಕೊಡುತ್ತದೆ.

ಉಳಿದ ಭಾಗಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಹಿಂದಲೆಯ ಹಾಲೆ ನೋಟದ್ದು. ಅಲ್ಲಿ ಒಂದು ಬದಿ ಕೆಟ್ಟರೆ ಕಣ್ಣುಗಳು ಸರಿಯಿದ್ದೂ ದೃಶ್ಯದ ಅರ್ಧ ಮಾಯವಾಗುತ್ತದೆ. ನೆತ್ತಿಯ ಹಾಲೆ ಸ್ಪರ್ಶವನ್ನೂ ಸುತ್ತಲಿನ ಜಾಗದ ಅರಿವನ್ನೂ ನೋಡಿಕೊಳ್ಳುತ್ತದೆ. ಅದರ ಬಲಭಾಗಕ್ಕೆ ಪೆಟ್ಟು ಬಿದ್ದವರು ತಟ್ಟೆಯ ಬಲ ಅರ್ಧವನ್ನಷ್ಟೇ ತಿಂದು ಎಡಭಾಗವನ್ನು ಹಾಗೆಯೇ ಬಿಡುವುದುಂಟು, ಹಸಿವು ಇನ್ನೂ ಇದ್ದರೂ. ಕಣತಲೆಯ ಹಾಲೆಯ ಒಳಗಿರುವ ಹಿಪೊಕ್ಯಾಂಪಸ್ ಹೊಸ ನೆನಪುಗಳನ್ನು ಕಟ್ಟಲು ಬೇಕು. 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗಾಗಿ ಹೆನ್ರಿ ಮೊಲೈಸನ್ ಎಂಬವರ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದ ಮೇಲೆ, ದಿನದಿನದ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಕೆಲಸದಲ್ಲಿ ದಿನೇ ದಿನೇ ಪಳಗಿದರು, ಹಿಂದಿನ ದಿನ ಅದನ್ನು ಮಾಡಿದ್ದೇ ನೆನಪಿಲ್ಲದೆ. ಕೈಗೆ ಹತ್ತುವ ಇಂಥ ಕಲಿಕೆಯಲ್ಲಿ, ಹಾಗೆಯೇ ದೇಹದ ಸಮತೋಲ ತಪ್ಪದಂತೆ ನೋಡಿಕೊಳ್ಳುವುದರಲ್ಲಿ, ಮೆದುಳಿನ ಹಿಂಬದಿಯ ಕೆಳಗಿರುವ ಅನುಮಸ್ತಿಷ್ಕದ ಪಾಲು ದೊಡ್ಡದು. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಅಲ್ಲಿಯೇ ಇವೆ, ಅದರ ತೂಕ ಒಟ್ಟಿನ ಹತ್ತನೆಯ ಒಂದು ಭಾಗ ಮಾತ್ರವಾದರೂ. ಉಸಿರಾಟದ ಲಯವನ್ನು ಕಾಯುವುದು ಮೆದುಳಿನ ಕಾಂಡ.

ಎಡಮೆದುಳಿನವರು, ಬಲಮೆದುಳಿನವರು ಎಂಬ ವಿಂಗಡಣೆಗೆ ಆಧಾರವಿಲ್ಲ. ಎರಡು ಅರ್ಧಗೋಳಗಳನ್ನು ಬೆಸೆಯುವ ತಂತುಗಳ ಸೇತುವೆಯನ್ನು ಕತ್ತರಿಸಿದ್ದ ರೋಗಿಗಳಲ್ಲಿ ಅರ್ಧಗೋಳಗಳ ಕೆಲಸ ಬೇರೆಬೇರೆ ಎಂದು ತೋರಿಸಿದ ವಿಜ್ಞಾನಿ ರೋಜರ್ ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಸೇತುವೆ ಗಟ್ಟಿಯಾಗಿರುವವರಲ್ಲಿ ಎರಡೂ ಬದಿಗಳು ಸದಾ ಕೂಡಿಯೇ ದುಡಿಯುತ್ತವೆ. ಸ್ವಭಾವಕ್ಕೂ ಇದಕ್ಕೂ ಸಂಬಂಧ ಕಟ್ಟಿದ್ದು ಆಮೇಲಿನವರು.

ತಂದೆಯವರನ್ನು ವಾಕ್ ಚಿಕಿತ್ಸಕರಿಗೆ ತಡಮಾಡದೆ ತೋರಿಸಿ. ಹಾಡು ಹೊರಡುವುದನ್ನು ಅವರಿಗೆ ತಪ್ಪದೆ ತಿಳಿಸಿ, ಏಕೆಂದರೆ ಬೇಕಾದ ಪದಗಳನ್ನು ರಾಗಕ್ಕೆ ಕಟ್ಟಿ ಆಡಿಸಿ, ಕ್ರಮೇಣ ರಾಗವನ್ನು ಸಡಿಲಿಸುವ ಅಭ್ಯಾಸಕ್ರಮವೊಂದಿದೆ. ಮನೆಯಲ್ಲಿ ಚಿಕ್ಕ ವಾಕ್ಯಗಳಲ್ಲಿ, ಹೌದು ಅಥವಾ ಇಲ್ಲ ಎಂದು ತಲೆಯಾಡಿಸಿದರೆ ಸಾಕಾಗುವಂತೆ ಕೇಳಿ. ಪದಕ್ಕಾಗಿ ಅವರು ತಡಕಾಡುವಾಗ ತಕ್ಷಣ ನೀವೇ ಹೇಳಿಬಿಡದೆ ಸ್ವಲ್ಪ ಹೊತ್ತು ಕಾಯಿರಿ.