ಕಾಳಗ ಗೆದ್ದು ರಾಜ್ಯ ಕಳೆದುಕೊಂಡ ಶಿಯಾಂಗ್ ಯು

ಪ್ರಶ್ನೆ: ಅಡುಗೆ ಪಾತ್ರೆ ಒಡೆಸಿ, ದೋಣಿ ಮುಳುಗಿಸಿ ಯುದ್ಧಕ್ಕೆ ಹೋದ ಚೀನೀ ಸೇನಾನಿ ಯಾರು? ಹಾಗೇಕೆ ಮಾಡಿದ?

ಉತ್ತರ: ಚು ರಾಜ್ಯದ ಸೇನಾಪತಿಗಳ ಮನೆತನದ ಶಿಯಾಂಗ್ ಯು. ಕ್ರಿ.ಪೂ. 207ರಲ್ಲಿ ಚಿನ್ ಸಾಮ್ರಾಜ್ಯದ ಪಡೆ ಜುಲು ನಗರವನ್ನು ಮುತ್ತಿತ್ತು. ನಗರದ ನೆರವಿಗೆ ಹೊರಟ ಚು ದಂಡನಾಯಕ ದಾರಿಯಲ್ಲೇ 46 ದಿನ ಬೀಡುಬಿಟ್ಟ. ಮಳೆ, ಚಳಿ, ಸೈನಿಕರಿಗೆ ಹಸಿವು. ಶಿಯಾಂಗ್ ಯು ಅವನನ್ನು ಕೊಂದು ತಾನೇ ಪಡೆ ನಡೆಸಿದ. ನದಿ ದಾಟಿದ ಮೇಲೆ ಮೂರು ದಿನದ ಬುತ್ತಿ ಬಿಟ್ಟು ಉಳಿದದ್ದನ್ನೆಲ್ಲ ನಾಶ ಮಾಡಿಸಿದ. ಆದರೆ ಇದನ್ನು ಹುಂಬತನ ಎನ್ನಬಾರದು. ಮೊದಲೇ 20,000 ಜನರನ್ನು ಕಳಿಸಿದ್ದ. ಶತ್ರುವಿಗೆ ಧಾನ್ಯ ಸಾಗುತ್ತಿದ್ದ, ಎರಡೂ ಬದಿ ಗೋಡೆಯಿದ್ದ ದಾರಿಯನ್ನು ಕಡಿದೂ ಹಾಕಿದ. ಗೆಲುವಿನ ಗುಟ್ಟು ಅಲ್ಲಿತ್ತು.

ಪ್ರಶ್ನೆ: ಅಂಥವನು ನಾಲ್ಕೈದು ವರ್ಷದಲ್ಲೇ ಎದುರಾಳಿ, ಹಾನ್ ರಾಜ್ಯದ ಲಿಯು ಬಾಂಗ್‌ಗೆ ಸೋತದ್ದು ಹೇಗೆ?

ಉತ್ತರ: ಸೋಲು ಶುರುವಾದದ್ದು ರಾಜ್ಯ ಹಂಚುವಾಗ. ಕ್ರಿ.ಪೂ. 206ರಲ್ಲಿ ನಾಡನ್ನು 18 ರಾಜರಿಗೆ ಹಂಚಿ, ತಾನು ಅವರೆಲ್ಲರ ಮೇಲಿನ ಅಧಿರಾಜನಾದ. ಕಣಿವೆ ಬಾಗಿಲುಗಳಿಂದ ಕೋಟೆಯಂತಿದ್ದ, ಫಲವತ್ತಾದ ಗ್ವಾನ್‌ಝೋಂಗ್ ಬಿಟ್ಟು, ಬಯಲು ಸೀಮೆಯ ಪೆಂಗ್‌ಚೆಂಗ್‌ನಲ್ಲಿ ರಾಜಧಾನಿ ಮಾಡಿದ. ಗ್ವಾನ್‌ಝೋಂಗ್ ಅನ್ನು ಶರಣಾದ ಮೂವರು ಚಿನ್ ಸೇನಾನಿಗಳಿಗೆ ಕೊಟ್ಟ. ಅವರ ಜೊತೆ ಶರಣಾಗಿದ್ದ ಎರಡು ಲಕ್ಷ ಸೈನಿಕರನ್ನು ಮಾತ್ರ ಕೊಲ್ಲಿಸಿದ್ದ! ಮಕ್ಕಳನ್ನು ಕಳೆದುಕೊಂಡ ಜನ ಆ ಮೂವರನ್ನು ಹೇಗೆ ಒಪ್ಪಿಯಾರು? ಲಿಯು ಬಾಂಗ್ ಕೆಲವೇ ತಿಂಗಳಲ್ಲಿ ಬಂದು ಅದನ್ನು ವಶಪಡಿಸಿಕೊಂಡ.

ಯುದ್ಧದಲ್ಲಿ ಶಿಯಾಂಗ್ ಯುಗೆ ಸಾಟಿಯಿರಲಿಲ್ಲ. ಕ್ರಿ.ಪೂ. 205ರಲ್ಲಿ 30,000 ಜನರೊಂದಿಗೆ ಲಿಯು ಬಾಂಗ್‌ನ 5,60,000 ಜನರ ಕೂಟವನ್ನು ಚದುರಿಸಿದ ಎಂದು ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಆದರೆ ಲಿಯು ಬಾಂಗ್‌ಗೆ ಗ್ವಾನ್‌ಝೋಂಗ್‌ನಿಂದ ಮಂತ್ರಿ ಶಿಯಾವೊ ಹೆ ಧಾನ್ಯವನ್ನೂ ಹೊಸ ಸೈನಿಕರನ್ನೂ ಕಳಿಸುತ್ತಲೇ ಇದ್ದ. ಇತ್ತ ಪೆಂಗ್ ಯುಯೆ ಎಂಬವನು ಶಿಯಾಂಗ್ ಯುವಿನ ಧಾನ್ಯದ ದಾರಿಯನ್ನು ಮತ್ತೆ ಮತ್ತೆ ಕಡಿದ. ಕ್ರಿ.ಪೂ. 203ರಲ್ಲಿ ಅವನನ್ನು ಅಟ್ಟಲು ಹೊರಟಾಗ ಶಿಯಾಂಗ್ ಯು ತನ್ನ ಸೇನಾನಿಗೆ ‘15 ದಿನ ಕೋಟೆ ಬಿಟ್ಟು ಹೊರಬರಬೇಡ’ ಎಂದು ಕಟ್ಟಪ್ಪಣೆ ಮಾಡಿದ್ದ. ಶತ್ರುಗಳು ಐದಾರು ದಿನ ಬೈದರು. ರೊಚ್ಚಿಗೆದ್ದ ಸೇನಾನಿ ಹೊರಬಂದ. ಪಡೆ ಅರ್ಧ ನದಿ ದಾಟಿದ್ದಾಗಲೇ ಏಟು ತಿಂದ. ಧಾನ್ಯದ ದಾರಿ ಕಡಿಯುವ, ಜುಲುವಿನಲ್ಲಿ ತಾನು ಬಳಸಿದ ಅಸ್ತ್ರವೇ ಶಿಯಾಂಗ್ ಯುಗೆ ತಿರುಗಿತು.

ಜನರನ್ನು ಉಳಿಸಿಕೊಳ್ಳುವುದೂ ಅವನಿಗೆ ಬರಲಿಲ್ಲ. ಅವನನ್ನು ಬಿಟ್ಟು ಲಿಯು ಬಾಂಗ್ ಕಡೆ ಹೋಗಿ, ಉತ್ತರದ ರಾಜ್ಯಗಳನ್ನು ಗೆದ್ದುಕೊಟ್ಟ ಹಾನ್ ಶಿನ್ ಹೇಳಿದ್ದು ಹೀಗೆ: ಕಾಯಿಲೆಯವರನ್ನು ಕಂಡರೆ ಕಣ್ಣೀರಿಡುತ್ತಾನೆ, ಆದರೆ ಪದವಿ ಕೊಡಬೇಕಾದಾಗ ಮುದ್ರೆಯನ್ನು ಅಂಚು ಸವೆಯುವಷ್ಟು ಹೊತ್ತು ಕೈಯಲ್ಲೇ ಹಿಡಿದಿರುತ್ತಾನೆ.

ಕ್ರಿ.ಪೂ. 202ರಲ್ಲಿ ಗಾಯ್‌ಶಿಯಾದಲ್ಲಿ ಮುತ್ತಿಗೆಗೆ ಸಿಕ್ಕಾಗ ಧಾನ್ಯ ಮುಗಿದಿತ್ತು. 800 ಕುದುರೆ ಸವಾರರೊಂದಿಗೆ ಪಾರಾದ. ಕೊನೆಗೆ ಉಳಿದವರು 28. ವು ನದಿಯ ದಡದಲ್ಲಿ ತಾನೇ ಕತ್ತು ಕೊಯ್ದುಕೊಂಡ.

ಪ್ರಶ್ನೆ: ಚೀನೀ ಚದುರಂಗದ ಮಣೆಯ ನಡುವೆ ನದಿ ಏಕಿದೆ?

ಉತ್ತರ: ಅಲ್ಲಿ ‘ಚು ನದಿ, ಹಾನ್ ಗಡಿ’ ಎಂದು ಬರೆದಿರುತ್ತದೆ. ಕ್ರಿ.ಪೂ. 203ರಲ್ಲಿ ಇಬ್ಬರೂ ಹೋಂಗ್‌ಗೋ ಕಾಲುವೆಯನ್ನು ಗಡಿಯಾಗಿ ಒಪ್ಪಿದ್ದರ ನೆನಪು ಅದು. ಒಪ್ಪಂದ ಮುರಿದು ಬೆನ್ನಟ್ಟಿದವನು ಲಿಯು ಬಾಂಗ್. ಮಣೆಯ ಮೇಲೆ ಕಾಲಾಳು ಆ ನದಿ ದಾಟಬಹುದು, ಆನೆ ದಾಟುವಂತಿಲ್ಲ.