ಜಾಕೆಟ್ಟನ್ನು ಒಗೆದುಬಿಟ್ಟಿರಲ್ಲ!

ನಮಸ್ಕಾರ,

ಜರ್ಮನ್ ನಟರೊಬ್ಬರ ಮೇಲೆ ನೀವು ಬರೆದು ಕಳಿಸಿದ ‘ಜರ್ಮನಿಯ ಅಣ್ಣಾವ್ರು’ ಲೇಖನವನ್ನು ಎರಡು ಸಲ ಓದಲು ಕೂತೆ. ಮೊದಲ ಸಲ ಆಫೀಸಿನಲ್ಲಿ, ಸಂಪಾದಕನಾಗಿ. ಎರಡನೇ ಸಲ ಮನೆಯಲ್ಲಿ ಊಟ ಆದ ಮೇಲೆ, ಸುಮ್ನೆ ಓದುಗನಾಗಿ. ಎರಡನೇ ಸಲ ನಾಲ್ಕನೇ ಪುಟಕ್ಕೆ ತೂಕಡಿಕೆ ಬಂತು. ಬೇಜಾರು ಮಾಡ್ಕೋಬೇಡಿ. ನೀವು ಆರಿಸಿಕೊಂಡ ಮನುಷ್ಯ ಯಾರನ್ನೂ ತೂಕಡಿಸಲು ಬಿಟ್ಟವನಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರು. ಹದಿನಾಲ್ಕು ಪುಟದಲ್ಲೂ ‘ಗೋಟ್ಜ್ ಜಾರ್ಜ್’ ಅಂತಿದೆ. ಅದು ಇಂಗ್ಲಿಷಿನವರ ಬಾಯಿ. ಜರ್ಮನ್ನರು ಆ ಮನೆತನದ ಹೆಸರನ್ನು ‘ಗೆಯೋರ್ಗೆ’ ಅನ್ನುತ್ತಾರೆ. ಮೊದಲಿನದಕ್ಕೆ ಕನ್ನಡದಲ್ಲಿ ಸರಿಯಾದ ಸ್ವರ ಇಲ್ಲ, ‘ಗೊಟ್ಸ್’ ಅಂತ ಇಟ್ಟುಕೊಳ್ಳೋಣ. ನೀವು ಮೂರು ವರ್ಷದಿಂದ ಡ್ಯೂಸ್‌ಬುರ್ಗ್‌ನಲ್ಲೇ ಕೆಲಸ ಮಾಡುತ್ತಿದ್ದೀರಂತೆ. ಟ್ರಾಮಿನಲ್ಲಿ ಪಕ್ಕ ಕೂತವರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇನ್ನು ‘ಅಣ್ಣಾವ್ರು’. ಇದನ್ನು ತೆಗೆಯಿರಿ. ರಾಜ್‌ಕುಮಾರ್ ತೆರೆಯ ಮೇಲೂ ಸಿಗರೇಟು, ಹೆಂಡ ಮುಟ್ಟದವರು ಎಂದು ಹೆಸರಾದವರು. ನಿಮ್ಮ ನಾಯಕ ಜನಪ್ರಿಯನಾದದ್ದು ಕುಡಿದು, ಹೊಡೆದಾಡಿ, ಕೆಟ್ಟ ಮಾತಾಡುವ ಪೊಲೀಸನಾಗಿ. ಇಬ್ಬರೂ ಜನಪ್ರಿಯರು ಅನ್ನುವುದೊಂದೇ ಹೋಲಿಕೆ. ಅದು ಎಲ್ಲ ಊರಿನ ಎಲ್ಲ ಸ್ಟಾರುಗಳಿಗೂ ಹೊಂದುತ್ತದೆ.

ಈಗ ಆರಂಭಕ್ಕೆ ಬರೋಣ. ‘ಜರ್ಮನ್ ಚಿತ್ರರಂಗದ ಧ್ರುವತಾರೆ, ಬಹುಮುಖ ಪ್ರತಿಭೆ’ ಎಂದು ಶುರು ಮಾಡಿದ್ದೀರಿ. ಇಂಥ ಧ್ರುವತಾರೆಗಳು ನನ್ನ ಮೇಜಿಗೆ ವಾರಕ್ಕೆ ನಾಲ್ಕು ಬರುತ್ತವೆ. ಆದರೆ ಆರನೇ ಪುಟದ ನಡುವೆ ನೀವೇ ಒಂದು ಸಾಲು ಬರೆದಿದ್ದೀರಿ: ‘1981ರಲ್ಲಿ ಟಾಟೋರ್ಟ್ ಧಾರಾವಾಹಿಯಲ್ಲಿ ಶಿಮಾನ್ಸ್ಕಿ ಎಂಬ ಪೊಲೀಸ್ ಅಧಿಕಾರಿಯ ಪಾತ್ರ ಮಾಡಿ ಜನಮನ ಗೆದ್ದರು.’ ಅಷ್ಟೇನಾ? ಆ ಕಂತನ್ನು ನೀವು ನೋಡಿದ್ದೀರಿ ಅಲ್ವಾ? ನೋಡಿದ್ದನ್ನು ತೋರಿಸಿ.

1981ರ ಜೂನ್ 28, ಭಾನುವಾರ ರಾತ್ರಿ. ಟಿವಿಯಲ್ಲಿ ಒಂದು ಅಡುಗೆಮನೆ. ಎದ್ದು ಬಂದ ಗಂಡಸಿಗೆ ಮೊಟ್ಟೆ ಬೇಕು, ಆದರೆ ಬೇಯಿಸುವಷ್ಟು ಚೊಕ್ಕಟವಾದ ಪಾತ್ರೆ ಇಲ್ಲ. ಹಸಿ ಮೊಟ್ಟೆಯನ್ನೇ ಲೋಟಕ್ಕೆ ಒಡೆದು ಗಟಗಟ ಕುಡಿಯುತ್ತಾನೆ. ಹೊರಗೆ ಬೀದಿಗೆ ಬರುತ್ತಾನೆ. ಯಾರೋ ಮೇಲಿನ ಕಿಟಕಿಯಿಂದ ಟಿವಿಯನ್ನೇ ಎಸೆಯುತ್ತಾರೆ. ಇವನು ತಲೆ ಎತ್ತಿ ಎಸೆದವನನ್ನು ಬೈಯುತ್ತಾನೆ. ಇವನೇ ಪೊಲೀಸು.

ಇದು ಆ ಕಾಲದವರಿಗೆ ಯಾಕೆ ಕಪಾಳಕ್ಕೆ ಹೊಡೆದ ಹಾಗಾಯಿತು ಅನ್ನುವುದು ದಾವಣಗೆರೆಯ ಓದುಗನಿಗೆ ಗೊತ್ತಾಗಬೇಕಾದರೆ ನೀವು ಸ್ವಲ್ಪ ಹಿಂದೆ ಹೋಗಬೇಕು. ‘ಟಾಟೋರ್ಟ್’ ಅಂದರೆ ಅಪರಾಧ ನಡೆದ ಜಾಗ. 1970ರಲ್ಲಿ ಶುರುವಾದದ್ದು. ಭಾನುವಾರ ರಾತ್ರಿ ಎಂಟೂಕಾಲಕ್ಕೆ ಮನೆಮಂದಿಯೆಲ್ಲ ಕೂತು ನೋಡುವ ಸರಣಿ, ಒಂದೊಂದು ಊರಿಗೆ ಒಬ್ಬೊಬ್ಬ ಪತ್ತೆದಾರ. ಡ್ಯೂಸ್‌ಬುರ್ಗ್‌ನ ಪಕ್ಕದ ಎಸ್ಸೆನ್‌ನಲ್ಲಿ 1974ರಿಂದ 1980ರವರೆಗೆ ಹಾಫರ್‌ಕಾಂಪ್ ಅನ್ನುವವನಿದ್ದ. ಮಟ್ಟಸವಾದ ಬಟ್ಟೆ, ಮಟ್ಟಸವಾದ ಮಾತು. ಅವನು ಎದ್ದುಹೋದ ಕುರ್ಚಿಗೆ ಈ ಹಸಿ ಮೊಟ್ಟೆಯವನು ಬಂದ. ಇವನ ಊರು ಡ್ಯೂಸ್‌ಬುರ್ಗ್, ಉಕ್ಕಿನದು, ಬಂದರಿನದು. ಕಾರ್ಖಾನೆಗಳು ಒಂದೊಂದಾಗಿ ಕೆಲಸ ಕಡಿಮೆ ಮಾಡುತ್ತಿದ್ದ ಕಾಲ. ಅಲ್ಲೇ ರೈನ್‌ಹೌಸನ್‌ನ ಕ್ರುಪ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದು ಕಾರ್ಮಿಕರು ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತದ್ದು 1987ರಲ್ಲಿ. ಶಿಮಾನ್ಸ್ಕಿ ಆ ಜನರ ಬಾಯಲ್ಲಿ ಮಾತಾಡಿದ. ಈ ಹಿನ್ನೆಲೆಗೆ ನೀವು ಕೊಟ್ಟಿರುವುದು ಸೊನ್ನೆ.

ಇಲ್ಲೇ ನನ್ನ ದೊಡ್ಡ ತಕರಾರು. ಅವನು ಪ್ರತಿ ಕಂತಿನಲ್ಲೂ ಹೇಳುವ ಮಾತು ‘ಶೈಸೆ’. ನೀವು ಅದನ್ನು ‘ಅಯ್ಯೋ ಕರ್ಮ’ ಅಂತ ಅನುವಾದ ಮಾಡಿದ್ದೀರಿ. ಶೈಸೆ ಅಂದರೆ ಹೇಲು ಸ್ವಾಮಿ. ಕನ್ನಡದಲ್ಲಿ ಬರೆದರೆ ಪತ್ರಿಕೆಗೆ ಅವಮಾನವೇನೂ ಆಗುವುದಿಲ್ಲ, ನಾನು ಹಾಕುತ್ತೇನೆ. ಆ ಮೊದಲ ಕಂತಿನಲ್ಲಿ ಟಿವಿ ಎಸೆದವನಿಗೆ ಬೈದದ್ದರಲ್ಲೂ ಆ ಪದ ಇದೆ. 1991ರ ಡಿಸೆಂಬರಿನಲ್ಲಿ ಟಾಟೋರ್ಟ್‌ನ ಕೊನೆಯ ಕಂತಿನಲ್ಲಿ ಗ್ಲೈಡರಿಗೆ ಜೋತುಬಿದ್ದು ಊರಿನ ಮೇಲೆ ಹಾರುವಾಗ ಕೂಗುವುದೂ ಅದನ್ನೇ. ಟಿವಿಯಲ್ಲಿ ಇಂಥ ಮಾತೇ ಎಂದು ದೂರುಗಳು ಬಂದವು, ಊರಿನ ಹೆಸರು ಕೆಡುತ್ತದೆ ಎಂದು ದೊಡ್ಡವರು ಗೊಣಗಿದರು. ‘ಅಯ್ಯೋ ಕರ್ಮ’ ಅಂದದ್ದಕ್ಕೆ ಯಾರಾದರೂ ದೂರು ಕೊಡುತ್ತಾರಾ?

ಇನ್ನೊಂದು ಕೇಳಿ. ‘ಗೊಟ್ಸ್’ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ನೀವೇ ಬರೆದಿದ್ದೀರಿ: ಅಪ್ಪ ಹೈನ್ರಿಶ್ ಗೆಯೋರ್ಗೆ ಹೆಸರು ಮಾಡಿದ ರಂಗಪಾತ್ರ, ಗಯಟೆಯ ನಾಟಕದ ಗೊಟ್ಸ್ ಫಾನ್ ಬೆರ್ಲಿಶಿಂಗನ್. ಅಲ್ಲಿಗೇ ನಿಲ್ಲಿಸಿದ್ದೀರಿ. ಆ ಕಬ್ಬಿಣದ ಕೈಯ ಸರದಾರ ಜರ್ಮನ್ನರಿಗೆಲ್ಲ ಗೊತ್ತಿರುವುದು ಯಾತಕ್ಕೆ? ಶರಣಾಗು ಎಂದು ಹೇಳಿಕಳಿಸಿದ ಶತ್ರುವಿಗೆ ಕಿಟಕಿಯಿಂದ ‘ನನ್ನ ಕುಂಡೆ ನೆಕ್ಕು ಅನ್ನು’ ಎಂದು ಕೂಗಿ, ಕಿಟಕಿ ದಢಾರನೆ ಮುಚ್ಚಿದ್ದಕ್ಕೆ. ಜರ್ಮನ್ ಸಾಹಿತ್ಯದ ಅತಿ ಪ್ರಸಿದ್ಧ ಬೈಗುಳದ ಹೆಸರಿಟ್ಟುಕೊಂಡ ಹುಡುಗ, ನಲವತ್ತೆರಡನೇ ವಯಸ್ಸಿಗೆ ಜರ್ಮನ್ ಟಿವಿಯ ಅತಿ ಪ್ರಸಿದ್ಧ ಬಾಯಿಬಡುಕನಾದ. ಇಷ್ಟು ಚೆನ್ನಾಗಿ ನಾವೇ ಕಟ್ಟಲು ಹೋದರೂ ಆಗದು. ನೀವು ಕೈಗೆ ಸಿಕ್ಕಿದ್ದನ್ನು ಬಿಟ್ಟು ಹೋದಿರಿ.

ಅಪ್ಪನ ವಿಷಯ. ‘ತಂದೆಯೂ ಖ್ಯಾತ ನಟರು’ ಎಂದು ಒಂದು ಸಾಲು. ಹೈನ್ರಿಶ್ 1927ರ ‘ಮೆಟ್ರೊಪೊಲಿಸ್’ ಸಿನಿಮಾದಲ್ಲಿ ಇದ್ದವರು. ನಾಜಿಗಳ ಕಾಲದಲ್ಲಿ ಬರ್ಲಿನ್‌ನ ಶಿಲ್ಲರ್ ರಂಗಮಂದಿರ ನಡೆಸಿದವರು. ಯೆಹೂದ್ಯರ ಮೇಲೆ ದ್ವೇಷ ಕಾರುವ 1940ರ ‘ಯೂದ್ ಸ್ಯೂಸ್’ನಲ್ಲಿ ನಟಿಸಿದವರು. ಯುದ್ಧ ಮುಗಿದ ಮೇಲೆ ಸೋವಿಯತ್‌ನವರು ಹಿಡಿದುಕೊಂಡು ಹೋದರು. ನಾಜಿಗಳು ಕಟ್ಟಿದ್ದ ಸಾಕ್ಸನ್‌ಹೌಸನ್ ಶಿಬಿರವನ್ನೇ ಆಗ ಸೋವಿಯತ್‌ನವರು ಬಳಸುತ್ತಿದ್ದರು. 1946ರ ಸೆಪ್ಟೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಮಗನಿಗೆ ಆಗ ಎಂಟು ವರ್ಷ. ಮಕ್ಕಳಿಬ್ಬರನ್ನು ಸಾಕಿದ್ದು ತಾಯಿ, ನಟಿ ಬೆರ್ಟಾ ಡ್ರೆವ್ಸ್.

ಈಗ ನಿಮ್ಮ ಸಿನಿಮಾ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದಕ್ಕೊಂದು ದೂರ ಇರುವ ನಾಲ್ಕನ್ನು ಪಕ್ಕಪಕ್ಕ ಇಡಿ. 1977ರಲ್ಲಿ ನಾಜಿಗಳ ಔಶ್ವಿಟ್ಸ್ ಸಾವಿನ ಶಿಬಿರದ ಮುಖ್ಯಸ್ಥ ಹ್ಯೋಸ್‌ನನ್ನು ಆಧರಿಸಿದ ಪಾತ್ರ. ಚೀರಾಟ ಕೂಗಾಟ ಇಲ್ಲ, ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಮನುಷ್ಯ. 1995ರಲ್ಲಿ ಹಾನೋಫರ್‌ನ ಸರಣಿ ಕೊಲೆಗಾರ ಹಾರ್ಮನ್. 1999ರಲ್ಲಿ ಔಶ್ವಿಟ್ಸ್‌ನ ವೈದ್ಯ ಮೆಂಗೆಲೆ. 2013ರಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ, ತನ್ನ ಅಪ್ಪನೇ. ಹೌದು, ಹೈನ್ರಿಶ್ ಪಾತ್ರವನ್ನು ಮಗನೇ ಮಾಡಿದ. ನೀವು ಇದನ್ನು ‘ಇತರ ಚಿತ್ರಗಳು’ ಅನ್ನುವ ತಲೆಬರಹದ ಕೆಳಗೆ ತಳ್ಳಿದ್ದೀರಿ!

ಇವನ್ನು ಜೋಡಿಸುವಾಗ ಒಂದು ಎಚ್ಚರ. ‘ಅಪ್ಪನ ಪಾಪ ತೊಳೆಯಲು’ ಅಂತೆಲ್ಲ ಬರೆಯಬೇಡಿ. ಅವರ ಮನಸ್ಸಿನೊಳಗೆ ನೀವೂ ಹೋಗಿಲ್ಲ, ನಾನೂ ಹೋಗಿಲ್ಲ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಿರಿ. ಓದುಗ ದಡ್ಡನಲ್ಲ.

ಹಾರ್ಮನ್ ಸಿನಿಮಾ ‘ಡೆರ್ ಟೋಟ್‌ಮಾಖರ್’ಗೆ ಮಾತ್ರ ಒಂದು ಪುಟ ಪೂರ್ತಿ ಕೊಡಿ. ‘ಅಮೋಘ ಅಭಿನಯ’ ಅಂದರೆ ನನಗೆ ಏನೂ ಕಾಣುವುದಿಲ್ಲ. ಒಂದೇ ಕೋಣೆ. ಒಂದು ಮೇಜು. ಹಾರ್ಮನ್, ಪ್ರಶ್ನೆ ಕೇಳುವ ಮನೋವೈದ್ಯ, ಬರೆದುಕೊಳ್ಳುವ ಗುಮಾಸ್ತ. ಮಾತುಗಳೆಲ್ಲ 1924ರಲ್ಲಿ ನಿಜವಾಗಿ ನಡೆದ ವಿಚಾರಣೆಯ ದಾಖಲೆಯಿಂದ ಎತ್ತಿಕೊಂಡವು. ರಕ್ತ ಇಲ್ಲ, ಓಟ ಇಲ್ಲ. ಹತ್ತು ವರ್ಷ ಕಟ್ಟಡದಿಂದ ಕಟ್ಟಡಕ್ಕೆ ಹಾರಿದ ನಟ ಇಲ್ಲಿ ಕುರ್ಚಿಯಲ್ಲಿ ಕೂತು ಮಾತಾಡುತ್ತಾನೆ, ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ಒಮ್ಮೆ ನಗುತ್ತಾನೆ, ಒಮ್ಮೆ ಗೋಗರೆಯುತ್ತಾನೆ. ವೆನಿಸ್‌ನಲ್ಲಿ ಉತ್ತಮ ನಟ ಪ್ರಶಸ್ತಿ ಬಂದದ್ದು ಇದಕ್ಕೆ. ಉಳಿದ ಪ್ರಶಸ್ತಿಗಳ ಒಂದೂವರೆ ಪುಟ ಹರಿದು ಹಾಕಿ.

ಕಾರ್ಲ್ ಮೇ ಕಾದಂಬರಿಗಳಿಂದ ಬಂದ 1960ರ ದಶಕದ ಕೌಬಾಯ್ ಸಿನಿಮಾಗಳಿಗೆ ಎರಡು ಸಾಲು ಸಾಕು. ಕುದುರೆ ಮೇಲಿನ ಸಾಹಸಗಳನ್ನು ಸ್ವತಃ ಮಾಡುತ್ತಿದ್ದರು ಅನ್ನುವುದನ್ನು ಉಳಿಸಿ, ಮುಂದೆ ಶಿಮಾನ್ಸ್ಕಿಗೆ ಕೆಲಸಕ್ಕೆ ಬರುತ್ತದೆ. ಹಿಟ್ಲರನ ನಕಲಿ ದಿನಚರಿ ಹಗರಣದ ಮೇಲಿನ 1992ರ ‘ಶ್ಟಾಂಕ್!’ ಬಗ್ಗೆ ಒಂದು ಪ್ಯಾರಾ ಇರಲಿ, ಅವರು ನಗಿಸುತ್ತಿದ್ದರು ಅನ್ನುವುದೂ ತಿಳಿಯಲಿ. ಒಂದು ತಪ್ಪು ತಿದ್ದಿಕೊಳ್ಳಿ: ಶಿಮಾನ್ಸ್ಕಿ 1991ಕ್ಕೆ ಮುಗಿಯಲಿಲ್ಲ. ಟಾಟೋರ್ಟ್‌ನಲ್ಲಿ 29 ಕಂತು ಮುಗಿದ ಮೇಲೆ, 1997ರಿಂದ 2013ರವರೆಗೆ ಅವನದೇ ಹೆಸರಿನ ಸರಣಿ ಬಂತು.

ಕೊನೆಯದಾಗಿ, ನಿಮ್ಮ ಮೇಲ್. ಲೇಖನದ ಜೊತೆ ಬರೆದಿದ್ದಿರಲ್ಲ, ಕೆಳಗಿನ ಮನೆಯ ತಾತ ಉಕ್ಕಿನ ಕಾರ್ಖಾನೆಯಿಂದ ರಿಟೈರ್ ಆದವರು, ಶಿಮಾನ್ಸ್ಕಿ ತೊಡುತ್ತಿದ್ದ ಹಾಗಿನದೇ ಬೂದು ಮಿಲಿಟರಿ ಜಾಕೆಟ್ಟು ಇನ್ನೂ ಬಾಗಿಲ ಹಿಂದೆ ನೇತುಹಾಕಿದ್ದಾರೆ, ಹೆಂಡತಿ ಒಗೆಯಲು ಕೇಳಿದರೆ ಕೊಡುವುದಿಲ್ಲ ಅಂತ. ಇದು ಲೇಖನದಲ್ಲಿ ಯಾಕಿಲ್ಲ? ಇಡೀ ಹದಿನಾಲ್ಕು ಪುಟದಲ್ಲಿ ಇಲ್ಲದ ಜೀವ ಆ ಮೂರು ಸಾಲಿನಲ್ಲಿದೆ. ತಾತ ಕೊಡದ ಜಾಕೆಟ್ಟನ್ನು ನೀವು ಒಗೆದು, ಇಸ್ತ್ರಿ ಹಾಕಿ ನನಗೆ ಕಳಿಸಿದ್ದೀರಿ.

ಹಾಗಾಗಿ ಈಗಿನ ರೂಪದಲ್ಲಿ ಹಾಕುವುದಿಲ್ಲ. ಆರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ, ಓದುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ. ಭಾನುವಾರ ಕಾಫಿ ಹೊತ್ತಿಗೆ ಕೆಳಗಿನ ಮನೆಗೆ ಹೋಗಿ, ಆ ಜಾಕೆಟ್ಟು ಯಾವ ವರ್ಷ ಕೊಂಡಿದ್ದು, ಎಷ್ಟು ಕೊಟ್ಟರು, ಆಗ ಕಾರ್ಖಾನೆಯಲ್ಲಿ ಕೆಲಸ ಇತ್ತಾ ಇಲ್ಲವಾ ಕೇಳಿಕೊಂಡು ಬನ್ನಿ. ಹೋಗುವಾಗ ಅವರ ಹೆಂಡತಿಗೂ ಏನಾದರೂ ತಿಂಡಿ ತೆಗೆದುಕೊಂಡು ಹೋಗಿ. ಜಾಕೆಟ್ಟಿನ ವಾಸನೆ ಎಂಥದ್ದು ಅಂತ ಹೇಳುವವರು ಅವರೇ.

ನಿಮ್ಮ,
ಸಂಪಾದಕ